ಅಕ್ಕನ ಸ್ಪ್ಯಾನಿಷ್

ಸ್ಪ್ಯಾನಿಷ್ ಕಲಿಯುತ್ತೇನೆಂದು ನಮ್ಮಕ್ಕ ಹೊರಟಾಗ ಅವಳಿಗೆ ಅರವತ್ತಕ್ಕೆ ಒಂದೆರಡು ವರ್ಷ ಕಡಿಮೆ. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಸ್ವಲ್ಪ ಬೇಗನೇ ಬಂತಲ್ಲ" ಎಂದೆ. ನಾವಿಬ್ಬರೂ ಕಿಟಕಿ ಪರದೆ ಹೊಲಿಯುವವರು. ಅವಳು ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಇರುವುದು ಒಂದೇ ಕೋಣೆಯ ಅಂಗಡಿ, ಅದರಲ್ಲಿ ಅರ್ಧವನ್ನು ಕತ್ತರಿಸುವ ಮೇಜೇ ತಿಂದುಹಾಕಿದೆ. ಆ ಮೇಜಿನ ಮೇಲೆ ಬಟ್ಟೆಯ ಸುರುಳಿಗೆ ಫೋನು ಒರಗಿಸಿಟ್ಟು, ಅವಳು ದಿನವಿಡೀ ತಲೆಬುಡ ತಿಳಿಯದ ಹಾಡು ಹಾಕತೊಡಗಿದಳು.

ಕಾರಣ ನನಗೆ ಗೊತ್ತಿತ್ತು. ಅಕ್ಕನಿಗೆ ಇದ್ದವಳು ಒಬ್ಬಳೇ ಮಗಳು. ದೂರದ ದೇಶದವನನ್ನು ಮದುವೆಯಾಗಿ ಅಲ್ಲೇ ಉಳಿದಳು, ಅಲ್ಲೇ ಜ್ವರ ಬಂದು ತೀರಿಕೊಂಡಳು. ಆಗ ಮೊಮ್ಮಗಳಿಗೆ ನಾಲ್ಕು ವರ್ಷ. ಆ ಮಗುವಿಗೆ ಬರುವುದು ಸ್ಪ್ಯಾನಿಷ್ ಒಂದೇ. ಮಗಳು ಇದ್ದಾಗ ಫೋನಿನಲ್ಲಿ ಅಜ್ಜಿಯ ಮಾತನ್ನು ಮಗುವಿಗೆ, ಮಗುವಿನ ಮಾತನ್ನು ಅಜ್ಜಿಗೆ ತಿಳಿಸುತ್ತಿದ್ದಳು. ಅವಳು ಹೋದ ಮೇಲೆ ಅಜ್ಜಿ ಮೊಮ್ಮಗಳು ಸುಮ್ಮನೆ ಮುಖ ಮುಖ ನೋಡಿಕೊಂಡು ಕೂರುತ್ತಿದ್ದರು. ಆಮೇಲೆ ಅಳಿಯ ಇನ್ನೊಂದು ಮದುವೆಯಾದ. ಮನೆ ಬದಲಾಯಿಸಿದ, ನಂಬರೂ ಬದಲಾಯಿಸಿದ, ಹೊಸದನ್ನು ನಮಗೆ ಕೊಡಲಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಉಳಿದಿದ್ದು ಒಂದು ಆಟ. ಫೋನಿನೊಳಗೆ ಹಗಲು ಮನೆ ಕಟ್ಟಬೇಕು, ಕತ್ತಲಾದಾಗ ಬರುವ ಭೂತಗಳಿಂದ ಅದನ್ನು ಕಾಯಬೇಕು. ಮಗಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದ ಆಟ ಅದು. ಆಟದಲ್ಲಿ ಮಗುವಿಗೆ ಅವಳು ಇಟ್ಟಿದ್ದ ಹೆಸರು 'ಗುಬ್ಬಿಮರಿ'. ಎಲ್ಲೆಲ್ಲಿಯವರೋ ಆಡುವ ಆ ಆಟದಲ್ಲಿ ಅದೊಂದು ಹೆಸರು ಮಾತ್ರ ನಮ್ಮ ಮಾತಿನದು. ಅಕ್ಕ ಮೊಬೈಲ್ ಅಂಗಡಿಯವನಿಂದ ಆಟ ಹಾಕಿಸಿಕೊಂಡು ಹುಡುಕಿದಳು. ಗುಬ್ಬಿಮರಿ ಇನ್ನೂ ಆಡುತ್ತಿದ್ದಳು, ಹತ್ತು ವರ್ಷದವಳಾಗಿದ್ದಳು.

ಪುಸ್ತಕದ ಪಾಠ ಅಕ್ಕನ ತಲೆಗೆ ಹತ್ತಲಿಲ್ಲ. ಆಟವನ್ನೇ ಸ್ಪ್ಯಾನಿಷ್‌ನಲ್ಲಿ ಹಾಕಿಕೊಂಡಳು, ಹಾಡು ಕೇಳಿದಳು, ಹಾಡಿನ ಸಾಲುಗಳ ಅರ್ಥವನ್ನು ಫೋನಿನಲ್ಲೇ ನೋಡಿ ನೋಡಿ ಬಾಯಿಪಾಠ ಮಾಡಿದಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾನು ನಕ್ಕೆ. ಬಗ್ಗಿತು! ಆದರೆ ಆಟ ಕಲಿಸಿದ್ದೆಲ್ಲ ಅಪ್ಪಣೆ: ಬಾ, ಓಡು, ಬೇಗ, ಬಾಗಿಲು ತೆಗಿ. ಹಾಡು ಕಲಿಸಿದ್ದೆಲ್ಲ ಗೋಳು: ಹೋಗಬೇಡ, ನನ್ನ ಜೀವವೇ, ನೀನಿಲ್ಲದೆ ಸಾಯುತ್ತೇನೆ. ಊಟವಾಯಿತಾ, ಹೇಗಿದ್ದೀಯ ಎಂದು ಮನುಷ್ಯರು ಆಡುವ ನಾಲ್ಕು ಮಾತು ಅವಳಿಗೆ ಯಾರೂ ಕಲಿಸಲಿಲ್ಲ. ಕತ್ತರಿಸಿದ ಬಟ್ಟೆ ಎತ್ತಿಕೊಳ್ಳಲು ನಾನು ತಡಮಾಡಿದರೆ "ವೆನ್, ರಾಪಿದೊ!" ಎಂದು ಕೂಗುವಳು. ಬಾ, ಬೇಗ ಎಂದರ್ಥ. ಭೂತ ಬಂದಂತೆ ನಾನೂ ಎದ್ದು ಓಡುತ್ತಿದ್ದೆ.

ಬೆಳಿಗ್ಗೆ ಅಂಗಡಿಗೆ ಗಿರಾಕಿಗಳು ಬರುವ ಮುಂಚೆ ಆಡುತ್ತಿದ್ದಳು, ಆಗ ಅಲ್ಲಿ ಸಂಜೆ. ಆಟದಲ್ಲಿ ಅಕ್ಕನ ಹೆಸರು 'ಸೂಜಿ'. ಮಾತೆಲ್ಲ ಬರೆದು ಕಳಿಸುವುದು, ದನಿ ಕೇಳಿಸುತ್ತಿರಲಿಲ್ಲ. ಸೂಜಿ ಎಂದರೆ ತನ್ನ ವಯಸ್ಸಿನ ಯಾವುದೋ ಮಂದಬುದ್ಧಿಯ ಹುಡುಗಿ ಎಂದು ಮಗು ತಿಳಿದಿತ್ತು. "ನನ್ನ ಪೆದ್ದು ಅಂತ ಬೈದ್ಲು ಕಣೆ" ಎಂದು ಅಕ್ಕ ಬಹುಮಾನ ಬಂದವಳ ಹಾಗೆ ಹೇಳುವಳು. ಒಂದು ದಿನ ಮಗು ಯಾವುದೋ ಹಾಡಿನ ಒಂದು ಸಾಲು ಬರೆಯಿತು. ಅಕ್ಕನಿಗೆ ಆ ಹಾಡು ಬರುತ್ತಿತ್ತು, ಮುಂದಿನ ಸಾಲು ಬರೆದಳು. ಅಲ್ಲಿಂದ ಗೆಳೆತನ ಗಟ್ಟಿಯಾಯಿತು. ಇಬ್ಬರೂ ಸೇರಿ ಒಂದು ಮನೆ ಕಟ್ಟಿದರು. ಅದರ ಕಿಟಕಿಗಳಿಗೆಲ್ಲ ಅಕ್ಕ ಪರದೆ ಹಾಕಿದಳು.

ಅವಳಿಗೆ ಬೇಕಾಗಿದ್ದು ಇಷ್ಟೇ, ಆ ಮಗು ತನ್ನನ್ನು ಒಂದು ಸಲ ಅಜ್ಜಿ ಎನ್ನಬೇಕು. "ಹೇಳ್ಬಿಡು, ಇನ್ನೇನು ಕಾಯ್ತೀಯ?" ಎಂದು ನಾನು ಎಷ್ಟೋ ಸಲ ಕೇಳಿದೆ. "ಇರೇ, ಸರಿಯಾಗಿ ಹೇಳೋಕೆ ಬರ್ಲಿ. ತಪ್ಪುತಪ್ಪು ಹೇಳಿ ಕೆಡಿಸ್ಕೊಳ್ಳೋದು ಬೇಡ" ಎನ್ನುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಗುಬ್ಬಿಮರಿ ಬರೆದಳು: 'ನಾಳೆಯಿಂದ ಬರಲ್ಲ. ಇದು ಚಿಕ್ಕವರ ಆಟ.'

ಅಕ್ಕ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ತಲೆ ಮೇಲೆ ತಲೆ ಬಿದ್ರೂ ಇವತ್ತು ಹೇಳ್ಲೇಬೇಕು" ಎಂದಳು. ನಾನು ಹೊಲಿಗೆ ಬಿಟ್ಟು ಬಂದು ಪಕ್ಕದಲ್ಲಿ ನಿಂತೆ. ಅವಳು ಬರೆಯುವುದನ್ನು ನಮ್ಮ ಮಾತಿನಲ್ಲಿ ನನಗೂ ಹೇಳುತ್ತಾ, ಒಂದೇ ಬೆರಳಿನಲ್ಲಿ ಬರೆದಳು: 'ನಾನು ಹುಡುಗಿ ಅಲ್ಲ. ನಾನು ನಿನ್ನ ಅಜ್ಜಿ.'

ಉತ್ತರ ಬರಲಿಲ್ಲ. ನಂಬಲಿಲ್ಲವೇನೋ ಎಂದು ಅಕ್ಕ ಗುರುತು ಕೊಟ್ಟಳು: 'ನಿನ್ನ ಎಡತೊಡೆಯ ಮೇಲೆ ಮಚ್ಚೆ ಇದೆ. ನಾನು ನೋಡಿದ್ದೇನೆ.' ಮಗು ಕೂಸಾಗಿದ್ದಾಗ ಒಮ್ಮೆ ಇಲ್ಲಿಗೆ ಬಂದಿತ್ತು, ಅಕ್ಕನೇ ಸ್ನಾನ ಮಾಡಿಸುತ್ತಿದ್ದಳು. ಆಗಲೂ ಉತ್ತರವಿಲ್ಲ. ಅಕ್ಕನಿಗೆ ಗಾಬರಿಯಾಯಿತು. ಆ ಗಾಬರಿಯಲ್ಲಿ ಕಲಿತಿದ್ದ ಸ್ಪ್ಯಾನಿಷ್ ಎಲ್ಲ ಹೊರಗೆ ಬಿತ್ತು: 'ಹೋಗಬೇಡ. ಬಾ. ಬೇಗ ಬಾ. ಬಾಗಿಲು ತೆಗಿ. ನನ್ನ ಜೀವವೇ, ನೀನಿಲ್ಲದೆ ಸಾಯುತ್ತೇನೆ.'

ಅದನ್ನು ನಮ್ಮ ಮಾತಿನಲ್ಲಿ ಕೇಳಿದ್ದೇ ನಾನು ಫೋನಿಗೆ ಕೈ ಹಾಕಿದೆ. "ಅಕ್ಕಾ, ನಿಲ್ಸು" ಎಂದೆ. ಅಷ್ಟರಲ್ಲಿ ಉತ್ತರ ಬಂತು.

'ನನ್ನ ಅಜ್ಜಿ ಇಲ್ಲೇ ಅಡುಗೆಮನೆಯಲ್ಲಿದ್ದಾರೆ. ಕರೆಯುತ್ತೇನೆ.'

ಸ್ವಲ್ಪ ಹೊತ್ತಿಗೆ ಇನ್ನೊಂದು, ಯಾರೋ ದೊಡ್ಡವರು ಬರೆದದ್ದು: 'ಯಾರು ನೀನು? ಮಗುವಿಗೆ ಇನ್ನೊಂದು ಸಲ ಬರೆದರೆ ಪೊಲೀಸರಿಗೆ ದೂರು ಕೊಡುತ್ತೇವೆ.' ಆಮೇಲೆ ಗುಬ್ಬಿಮರಿಯ ಹೆಸರು ಅಳಿಸಿಹೋಯಿತು. ಅಕ್ಕನಿಗೆ ಆ ಮಾತುಗಳಲ್ಲಿ ಒಂದು ಪದದ ಅರ್ಥವನ್ನೂ ಹುಡುಕುವ ಅಗತ್ಯ ಬೀಳಲಿಲ್ಲ.

ನಾನು ಅಳಿಯನನ್ನು ಬಾಯಿಗೆ ಬಂದಂತೆ ಬೈದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅತ್ತೆ. "ಬೇರೆ ಹೆಸ್ರು ಇಟ್ಕೊಂಡು ಮತ್ತೆ ಹುಡುಕೋಣ ಅಕ್ಕಾ" ಎಂದೆ.

"ಬೇಡ. ಒಳ್ಳೆ ಬುದ್ಧಿ ಕಲ್ಸಿದ್ದಾರೆ ಮಗೂಗೆ. ಗೊತ್ತಿಲ್ಲದೋರು ಹಾಗೆಲ್ಲ ಬರೆದ್ರೆ ದೊಡ್ಡೋರನ್ನೇ ಕರೀಬೇಕು" ಎಂದಳು.

ಬಟ್ಟೆ ಹಾಸಿ, ಟೇಪು ಎಳೆದು ಅಳತೆ ಹಾಕಿದಳು. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಅರ್ಧಕ್ಕೆ ನಿಂತಳು.

"ಅಲ್ಲೀಗ ಮಲಗೋ ಹೊತ್ತು" ಎಂದಳು. "ನಂಗೆ ಹೆದ್ರಿಕೊಂಡು ಮಗು ನಿದ್ದೆ ಮಾಡುತ್ತೋ ಇಲ್ವೋ."