ಜರ್ಮನಿಗೆ ಹೊರಟ ದೃಷ್ಟಿಗೊಂಬೆಗಳು

ಗೆಳೆಯರೇ, ಜಾಗತೀಕರಣ ಇವತ್ತು ನಮ್ಮ ದೃಷ್ಟಿಗೊಂಬೆಗೂ ಕೈ ಹಾಕಿತು. ಕಾಕ್ಸ್‌ಟೌನಿನ ನಮ್ಮ ಎದುರುಮನೆಯಲ್ಲಿ ಬಾಡಿಗೆಗಿರುವ ಜರ್ಮನಿಯ ಕ್ಲಾರಾ, ಊರಲ್ಲಿರುವ ಅಪ್ಪ, ಅಮ್ಮ, ತಮ್ಮನಿಗೆ ಕ್ರಿಸ್‌ಮಸ್ಸಿಗೆ ಯಾರೂ ಕೊಡದಂಥ ಉಡುಗೊರೆ ಬೇಕೆಂದು ನನ್ನನ್ನು ಹಲಸೂರು ಮಾರ್ಕೆಟ್ಟಿಗೆ ಎಳೆದೊಯ್ದಳು. ಪಾರ್ಸಲ್ ಇವತ್ತೇ ಹೋಗಬೇಕಿತ್ತು. ಕಟ್ಟುವ ಮನೆಗಳಿಗೆ ನೇತುಹಾಕುವ, ನಾಲಿಗೆ ಚಾಚಿದ ರಾಕ್ಷಸನ ಮುಖಗಳನ್ನು ಕಂಡದ್ದೇ ಮೂರನ್ನು ಎತ್ತಿಕೊಂಡಳು.

ನನಗೆ ಅನುಮಾನ. ಇವಳ ಮನೆಯವರು ಅಲ್ಲಿ ಕೂತು ನಮ್ಮನ್ನು ನೋಡಿ ನಗುವುದಕ್ಕೋ? ಮೂಢನಂಬಿಕೆ ತೊಲಗಲಿ ಎಂದು ನಾವು ಕರಪತ್ರ ಹಂಚಿದರೆ, ಇವಳು ಆ ನಂಬಿಕೆಯನ್ನೇ ವಿಮಾನ ಹತ್ತಿಸುತ್ತಾಳೆ!

ಇವು ಯಾರಿಗೆಂದು ನನ್ನಿಂದ ಕೇಳಿ ತಿಳಿದ ಅಂಗಡಿಯ ಮುನಿಯಮ್ಮನಿಗೆ ಬೇರೆಯದೇ ಅನುಮಾನ. "ಹೆತ್ತೋರ್ಗೆ ಯಾರಾದ್ರೂ ರಾಕ್ಷಸನ ಮೊಕ ಕಳಿಸ್ತಾರೇನಪ್ಪಾ? ಆಸ್ತಿ ಜಗಳಾನಾ? ಕೇಳು. ಹೇಳ್ದಿದ್ರೆ ನಾನು ಕೊಡಲ್ಲ."

ನಾನು ಕೇಳಿದೆ. ಕ್ಲಾರಾ ಮುನಿಯಮ್ಮನತ್ತ ತಿರುಗಿ ತನ್ನ ಹರಕು ಕನ್ನಡದಲ್ಲೇ ಹೇಳಿದಳು: "ಅಮ್ಮ ಹೊಸ ಮನೆ. ಅಪ್ಪ ಹೊಸ ಕಾರು. ತಮ್ಮ ಹೊಸ ಮಗು. ಎಲ್ಲಾ ಚೆನ್ನಾಗಿದೆ. ನಾನು ದೂರ. ನನಗೆ ಭಯ."

"ಅಯ್ಯೋ ಕಂದಾ!" ಮುನಿಯಮ್ಮ ಮೂರನ್ನೂ ಪೇಪರಿನಲ್ಲಿ ಸುತ್ತಿ, ಕ್ಲಾರಾಳ ಚೀಲಕ್ಕೆ ಹಾಕಿ, ಮೇಲೆ ಇನ್ನೊಂದನ್ನು ಇಟ್ಟು ನನ್ನತ್ತ ಕೈ ತೋರಿಸಿದಳು. "ಇದು ನಿನ್ನ ಬಾಗ್ಲಿಗೆ. ಈ ಹುಡುಗ ಬಂದಾಗ್ಲಿಂದ ನಿನ್ನ ಚೀಲಾನೇ ನೋಡ್ತಾವ್ನೆ."

ಪಾರ್ಸಲ್ ಹೋಯಿತು. ಎದುರುಬಾಗಿಲಿನ ರಾಕ್ಷಸ ಈಗ ನಮ್ಮ ಕಿಟಕಿಯನ್ನೇ ನೋಡುತ್ತಿದ್ದಾನೆ. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಪರದೆ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ.