ಮೂರು ಗೀಟಿನ ಜೆಟ್

ಯಾರಾದರೂ ಇಂಥ ಸಂಗತಿ ಹೇಳಲು ಬಾಯಿ ತೆರೆದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಳತಿ ಮಾಡಿ ನೋಡೀಯೇನು?" ಮಾಡಿರುತ್ತಿರಲಿಲ್ಲ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ಅದೇ ಪ್ರಶ್ನೆ ಕೇಳಿದರೆ ನನಗೆ ಬೇಸರವಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಮನುಷ್ಯ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಪುಕ್ಕಟೆ ಸಿಕ್ಕದ್ದಲ್ಲ ಅದು. ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿ, ಉರಿಯುವ ಕೈಯಲ್ಲೇ ರಾತ್ರಿ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಪ್ರವೀಣ ನನ್ನ ಓದು ನಿಲ್ಲಬಾರದೆಂದು ಪಿಯುಸಿ ಬಿಟ್ಟು ಟ್ರ್ಯಾಕ್ಟರ್ ಹತ್ತಿದ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಹಾವೇರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಅವನು ಇನ್ನೂ ಟ್ರ್ಯಾಕ್ಟರಿನ ಮೇಲೆಯೇ ಇದ್ದ.

ಓದುವಾಗ ರಜೆಯಲ್ಲೆಲ್ಲ ನಾನು ಕೆಲಸ ಮಾಡಿದ್ದು ರಾಣೆಬೆನ್ನೂರಿನ ಮೌನೇಶಪ್ಪ ಕಾಕಾನ ಗ್ಯಾರೇಜಿನಲ್ಲಿ. ರಕ್ತಸಂಬಂಧವೇನಿಲ್ಲ, ಊರಿಗೆಲ್ಲ ಅವನು ಕಾಕಾ. ಅವನು ಹೆಸರಾದದ್ದು ಕಾರ್ಬೊರೇಟರ್ ಕೆಲಸಕ್ಕೆ. ಅದರೊಳಗೆ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡು ಇರುತ್ತದೆ, ನಡುವೆ ಸೂಜಿಯಷ್ಟು ತೂತು. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂಬುದನ್ನು ಆ ತೂತು ನಿರ್ಧರಿಸುತ್ತದೆ. ಕಂಪನಿಯವರು ಅದರ ಮೇಲೆ ನಂಬರ್ ಹೊಡೆದಿರುತ್ತಾರೆ, ನಂಬರ್ ದೊಡ್ಡದಾದಷ್ಟೂ ತೂತು ದೊಡ್ಡದು. ಕಾಕಾ ತನ್ನ ಜೆಟ್ಟುಗಳ ತೂತನ್ನು ತಾನೇ ಕೈಯಿಂದ ಕೊರೆಯುತ್ತಿದ್ದ, ನಂಬರಿನ ಬದಲು ತಲೆಯ ಮೇಲೆ ಅರದಿಂದ ಗೀಟು ಹಾಕುತ್ತಿದ್ದ. ಒಂದು ಗೀಟು, ಎರಡು ಗೀಟು, ಮೂರು ಗೀಟು.

ಅವನದೊಂದು ರೂಢಿಯಿತ್ತು. ಗಾಡಿಯಿಂದ ಬಿಚ್ಚಿದ ಹಳೆಯ ಜೆಟ್ಟನ್ನು ತೆಳ್ಳನೆಯ ತಾಮ್ರದ ತಂತಿಯಿಂದ ಎರಡು ಸುತ್ತು ಸುತ್ತಿ ಆ ಗಾಡಿಯ ಚಾವಿಗೇ ಕಟ್ಟುತ್ತಿದ್ದ. ಸವಾರ ಓಡಿಸಿ ನೋಡಿ ಕ್ಷೇಮವಾಗಿ ತಿರುಗಿ ಬಂದ ಮೇಲಷ್ಟೇ ಅದನ್ನು ಬಿಚ್ಚಿ ತನ್ನ ತಗಡಿನ ಡಬ್ಬಿಗೆ ಹಾಕುತ್ತಿದ್ದ. ಅದಕ್ಕೆ ಮುಂಚೆ ಎಂದೂ ಇಲ್ಲ.

ಡಿಗ್ರಿ ಕೈಗೆ ಬಂದ ವರ್ಷ ನಾನು ಅವನೆದುರು ದೊಡ್ಡ ಮಾತಾಡಿದೆ. ನಂಬರಿಲ್ಲದ ಜೆಟ್ ಜೆಟ್ಟೇ ಅಲ್ಲ ಅಂದೆ. ಕಾಕಾ ಸಿಟ್ಟಾಗಲಿಲ್ಲ. ಸ್ಪಾರ್ಕ್ ಪ್ಲಗ್ಗಿನ ತುದಿ ಬಿಸಿಲಿಗೆ ಹಿಡಿದು ನೋಡುತ್ತ, "ನಂಬರ್ ನಿನಗಿರಲಿ, ನನಗ ಬಣ್ಣ ಸಾಕು. ಏ ಇಂಜಿನಿಯರಾ, ಮೊದಲ ಗಾಳಿ ನೋಡು, ಆಮ್ಯಾಲ ಪೆಟ್ರೋಲ್ ನೋಡು," ಅಂದ. ಗ್ಯಾರೇಜಿನಲ್ಲಿದ್ದವರು ನಕ್ಕರು. ನಾನು ಆಮೇಲೆ ಅತ್ತ ಹೋಗಲಿಲ್ಲ. ಮುಂದೊಂದು ಶ್ರಾವಣದಲ್ಲಿ ಕಾಕಾ ತೀರಿಕೊಂಡ. ಮಣ್ಣಿಗೆ ಹೋದೆ, ಅಷ್ಟೆ. ಹೇಳಬೇಕಾದ ಮಾತು ಹೇಳದೆಯೇ ಉಳಿಯಿತು.

ಅದೇ ವರ್ಷ ಪ್ರವೀಣ ಒಂದು ಹಳೆಯ ಡರ್ಟ್ ಬೈಕ್ ತಂದ. ಮುಂದಿನ ಬೇಸಿಗೆಯಲ್ಲಿ ಮೇಡ್ಲೇರಿ ಕಡೆ, ಬೆಳೆ ತೆಗೆದ ಹೊಲದಲ್ಲಿ, ಗೆಳೆಯರೆಲ್ಲ ಸೇರಿ ಮಣ್ಣಿನ ರೇಸ್ ಇಟ್ಟುಕೊಂಡಿದ್ದರು. ಅವನು ಜೀವನದಲ್ಲಿ ತನಗೆಂದು ಆಸೆಪಟ್ಟದ್ದು ಅದೊಂದೇ. ಇಂಜಿನ್ ಹೆಚ್ಚು ಉಸಿರಾಡಲೆಂದು, ಗಾಳಿ ಸೋಸುವ ಫಿಲ್ಟರ್ ಇರುವ ಏರ್‌ಬಾಕ್ಸಿನ ಮುಚ್ಚಳ ಕತ್ತರಿಸಿದೆವು, ತೆರೆದ ಸೈಲೆನ್ಸರ್ ಹಾಕಿದೆವು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು. ಇಲ್ಲದಿದ್ದರೆ ಇಂಜಿನ್ ಕಾದು, ಪೂರ್ತಿ ವೇಗದಲ್ಲಿದ್ದಾಗಲೇ ಪಿಸ್ಟನ್ ಅಲ್ಲಾಡದಂತೆ ಹಿಡಿದುಬಿಡುತ್ತದೆ. ಹಿಂದಿನ ಗಾಲಿ ಗಪ್ಪನೆ ನಿಲ್ಲುತ್ತದೆ, ಸವಾರ ಮುಂದೆ ಹಾರುತ್ತಾನೆ.

ನಾನು ಕಾಗದ ಹಿಡಿದು ಲೆಕ್ಕ ಹಾಕಿದೆ. ನೂರರ ಜೆಟ್ ತೆಗೆದು ನೂರಾ ಹನ್ನೆರಡು ಹಾಕಿದೆ. ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನ ಹಿಂದೆ ಶೆಡ್ ಇತ್ತು, ಅಲ್ಲಿಂದ ಕದರಮಂಡಲಗಿ ರಸ್ತೆಯಲ್ಲಿ ವಾರವಿಡೀ ಓಡಿಸಿದೆವು. ಕಡೆಗೆ ಪ್ಲಗ್ ಬಿಚ್ಚಿ ನೋಡಿದರೆ ಹುರಿದ ಕಾಫಿಪುಡಿಯ ಬಣ್ಣ. ಬಿಳಿಯಾದರೆ ಪೆಟ್ರೋಲ್ ಕಡಿಮೆ, ಕರಿಯಾದರೆ ಹೆಚ್ಚು. ಕಾಫಿ ಬಣ್ಣವೇ ಸರಿ. ನನ್ನ ಲೆಕ್ಕ ಗೆದ್ದಿತು ಅಂದುಕೊಂಡೆ. ಕಾಕಾನ ನೆನಪಾಗಿ, ಬಿಚ್ಚಿದ ನೂರರ ಜೆಟ್ಟನ್ನು ಚಾವಿಗೆ ಕಟ್ಟಿದೆ. ತಂತಿ ಇರಲಿಲ್ಲ. ಮೆಣಸಿನಕಾಯಿ ಚೀಲ ಹೊಲಿಯುವ ದಾರ ಬಿದ್ದಿತ್ತು, ಅದರಲ್ಲೇ ಗಂಟು ಹಾಕಿದೆ. ಆ ರಾತ್ರಿ ಚಾವಿ ಅಂಗಿಯ ಜೇಬಿನಲ್ಲಿತ್ತು, ಅಂಗಿ ನಾನು ಮಲಗಿದ ಕೋಣೆಯ ಗೂಟದಲ್ಲಿತ್ತು. ರೇಸಿನ ದಿನ ಮುಂಜಾನೆ ನಿದ್ದೆಗಣ್ಣಿನಲ್ಲಿ ತೆಗೆದು ಪ್ರವೀಣನಿಗೆ ಕೊಟ್ಟೆ. ಕೊಡುವಾಗ ನೋಡಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಮೇಡ್ಲೇರಿಯ ಹೊಲದಲ್ಲಿ ಬಿಸಿಲು ಏರಿತ್ತು. ಹತ್ತು ಹನ್ನೆರಡು ಗಾಡಿಗಳು ಸಾಲುಗಟ್ಟಿ ಗುರುಗುಟ್ಟುತ್ತಿದ್ದವು. ಪ್ರವೀಣ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಕೂಗಿದ: "ಯಣ್ಣಾ, ಮುಂಜಾನೆ ಫಿಲ್ಟರ್ ತೊಳದ ಹಾಕೇನಿ! ಮೆಣಸಿನಕಾಯಿ ಧೂಳಿಗೆ ಕೆಂಪಗಾಗಿ ಕುಂತಿತ್ತು, ಕೈ ಇಟ್ರ ಸೀನು ಬರ್ತಿತ್ತು. ಈಗ ನೋಡು ಗಾಡಿ!"

ಆಗ ಹೊಳೆಯಿತು. ನಾವು ಮುಚ್ಚಳ ಕತ್ತರಿಸಿದ ಮೇಲೆ ಸುಗ್ಗಿಯ ಧೂಳೆಲ್ಲ ನೇರ ಫಿಲ್ಟರಿಗೆ ಬಡಿದಿತ್ತು. ಗಾಳಿ ಕಟ್ಟಿತ್ತು. ಗಾಳಿ ಕಟ್ಟಿದ್ದಕ್ಕೇ ನನ್ನ ಜೆಟ್ಟಿನ ಪೆಟ್ರೋಲ್ ಸಾಕಾಗಿ ಪ್ಲಗ್ಗಿಗೆ ಆ ಬಣ್ಣ ಬಂದಿತ್ತು. ಈಗ ಗಾಳಿ ಪೂರ್ತಿ ತೆರೆದಿದೆ, ಪೆಟ್ರೋಲ್ ಮಾತ್ರ ಅಷ್ಟೇ. ಮೊದಲ ಗಾಳಿ ನೋಡು ಅಂದಿದ್ದ ಕಾಕಾ. ನಾನು ನೋಡಿರಲಿಲ್ಲ.

"ಪ್ರವೀಣಾ, ಇಳಿಯೋ! ಇಳಿ!" ಎಂದು ಓಡಿದೆ. ಅಷ್ಟರಲ್ಲಿ ಬಾವುಟ ಬಿತ್ತು. ಧೂಳಿನಲ್ಲಿ ಏನೂ ಕಾಣಲಿಲ್ಲ.

ಎಂಟು ಸುತ್ತು. ನೇರ ದಾರಿಗೆ ಬಂದಾಗಲೆಲ್ಲ ಅವನು ಎಕ್ಸಲರೇಟರ್ ಪೂರ್ತಿ ತಿರುವುವುದು ಕೇಳುತ್ತಿತ್ತು. ಆ ಸದ್ದು ಹಿಡಿದುಕೊಳ್ಳುವ ಗಳಿಗೆಗೆ ನಾನು ಕಾಯುತ್ತಿದ್ದೆ. ನನಗಾಗಿ ಓದು ಬಿಟ್ಟವನನ್ನು ನನ್ನ ಓದೇ ತಿನ್ನುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಪಕ್ಕದವನ ತೋಳು ಹಿಡಿದಿದ್ದೆನಂತೆ. ಉಗುರಿನ ಗುರುತು ಬಿದ್ದಿತ್ತೆಂದು ಅವನು ಆಮೇಲೆ ತೋರಿಸಿದ.

ಇಂಜಿನ್ ಹಿಡಿಯಲಿಲ್ಲ. ಪ್ರವೀಣ ಮೂರನೆಯವನಾಗಿ ಬಂದು, ಮಣ್ಣು ಮೆತ್ತಿದ ಮುಖದಲ್ಲಿ ಹಲ್ಲು ಕಿರಿದು, "ಲೆಕ್ಕ ಅಂದ್ರ ಇದು ನೋಡಪಾ! ಯಾಕೋ ಯಣ್ಣಾ, ನೀ ಯಾಕ ಅಳಾಕತ್ತೀದಿ?" ಎಂದು ಚಾವಿ ನನ್ನ ಕೈಗೆ ಹಾಕಿದ.

ಚಾವಿಗೆ ದಾರ ಇರಲಿಲ್ಲ. ತೆಳ್ಳನೆಯ ತಾಮ್ರದ ತಂತಿ ಇತ್ತು, ಎರಡು ಸುತ್ತು. ಅದರಲ್ಲಿ ತೂಗುತ್ತಿದ್ದ ಜೆಟ್ಟಿನ ನಂಬರನ್ನು ಬಿಸಿಲಿಗೆ ಹಿಡಿದು ಓದಿದೆ: ನೂರಾ ಹನ್ನೆರಡು. ಕಾರ್ಬೊರೇಟರಿನ ಒಳಗೆ ಇರಬೇಕಾದದ್ದು.

ಹಾಗಾದರೆ ಒಳಗೇನಿದೆ? ಕಾದ ಗಾಡಿಯನ್ನು ಅಲ್ಲೇ ಬಿಚ್ಚಿದೆ. ಬೆರಳು ಸುಟ್ಟಿತು. ಹೊರಬಂದ ಜೆಟ್ಟಿಗೆ ನಂಬರಿರಲಿಲ್ಲ. ತಲೆಯ ಮೇಲೆ ಮೂರು ಗೀಟು. ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣ.

ಪ್ರವೀಣ ಅವ್ವನ ಆಣೆ ಮಾಡಿದ: "ಫಿಲ್ಟರ್ ಬಿಟ್ರ ಯಾವುದೂ ಮುಟ್ಟಿಲ್ಲೋ. ಕಾರ್ಬೊರೇಟರ್ ಬಿಚ್ಚಾಕ ನನಗೆಲ್ಲಿ ಬರತೈತಿ?" ಖರೆ, ಅವನಿಗೆ ಬರುವುದಿಲ್ಲ. ಕಾಕಾನ ಜೆಟ್ ನನ್ನ ಹತ್ತಿರ ಒಂದೂ ಇರಲಿಲ್ಲ.

ಅಲ್ಲಿಂದ ಸೀದಾ ಕದರಮಂಡಲಗಿಗೆ, ಕಾಕಾನ ಮನೆಗೆ ಹೋದೆ. ಚಿಗವ್ವ, ಕಾಕಾನ ಹೆಂಡತಿ, ಕಟ್ಟೆಯ ಮೇಲೆ ಕೂತಿದ್ದಳು. ರೇಸಿನ ಮಾತು ನಾನೆತ್ತಲಿಲ್ಲ. ಕಾಕಾನ ಡಬ್ಬಿ ಒಮ್ಮೆ ನೋಡಬೇಕಿತ್ತು ಅಂದೆ.

"ಡಬ್ಬಿ ಟ್ರಂಕಿನಾಗ ಐತಿ, ಅವರು ಹೋದಾಗಿಂದ ಟ್ರಂಕ್ ತಗದಿಲ್ಲೋ ಯಪ್ಪಾ. ಕೀಲಿ ನನ್ನ ನಡದಾಗ ಐತಿ," ಎಂದು ಸೊಂಟದಿಂದ ಕೀಲಿ ತೆಗೆದುಕೊಟ್ಟಳು. ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತೆಗೆಯಬೇಕಾಯಿತು. ಡಬ್ಬಿಯ ತುಂಬ ಕಪ್ಪಿಟ್ಟ ಹಳೆಯ ಜೆಟ್ಟುಗಳು. ಅವುಗಳ ಮೇಲೆ ಒಂದು ಮಾತ್ರ ಹೊಳೆಯುತ್ತಿತ್ತು. ನೂರು ನಂಬರಿನದು. ಚೀಲ ಹೊಲಿಯುವ ದಾರದ ಸಮೇತ, ನನ್ನದೇ ಗಂಟು.

ಡಬ್ಬಿ ಹಿಡಿದು ಟ್ರಂಕಿನ ಪಕ್ಕವೇ ಕೂತೆ. ಚಿಗವ್ವ ನೀರು ತಂದುಕೊಟ್ಟಳು.

ಆ ನಂಬರಿನ ಜೆಟ್ಟುಗಳು ಸಾವಿರ ಇರಬಹುದು, ಆ ದಾರ ಬ್ಯಾಡಗಿಯ ತುಂಬ ಬಿದ್ದಿರುತ್ತದೆ, ಗಂಟಿಗೇನು ಹೆಸರು ಬರೆದಿರುತ್ತದೆಯೇ? ನಾಲ್ಕು ವರ್ಷಗಳಿಂದ ನನಗೆ ನಾನೇ ಇದನ್ನೆಲ್ಲ ಹೇಳಿಕೊಂಡಿದ್ದೇನೆ. ಆದರೆ ಸವಾರ ತಿರುಗಿ ಬಂದ ಮೇಲಷ್ಟೇ ಹಳೆಯ ಜೆಟ್ ಆ ಡಬ್ಬಿಗೆ ಬೀಳುತ್ತಿತ್ತು. ಪ್ರವೀಣ ತಿರುಗಿ ಬಂದದ್ದು ಅವತ್ತು ಮುಂಜಾನೆ ಹನ್ನೊಂದಕ್ಕೆ. ಟ್ರಂಕಿಗೆ ಬೀಗ ಬಿದ್ದದ್ದು ಅದರ ಹಿಂದಿನ ಶ್ರಾವಣದಲ್ಲಿ.

ಅಳತೆ ಮಾಡಿದಿರಾ ಎಂದು ನೀವು ಕೇಳುತ್ತೀರಿ. ಮಾಡಿದ್ದೇನೆ. ತೊಳೆದ ಫಿಲ್ಟರ್ ಹಿಡಿದು ಹೊಸದಾಗಿ ಲೆಕ್ಕ ಹಾಕಿದೆ: ನೂರಾ ಇಪ್ಪತ್ತೆರಡು ಬಂತು. ಆಮೇಲೆ ಕಾಲೇಜಿನಿಂದ ತೂತು ಅಳೆಯುವ ಗೇಜು ತಂದು ಮೂರು ಗೀಟಿನ ಜೆಟ್ಟಿನ ತೂತಿಗೆ ಹಾಕಿದೆ. ನೂರಾ ಇಪ್ಪತ್ತೆರಡು.

ಅಳತೆ ಸರಿಯಾಗಿದೆ. ನನ್ನ ತೊಂದರೆಯೇ ಅದು.