ಹಳದಿ ಗೆರೆಯ ಮೇಲೆ ವರ್ನಾ

ವರ್ನಾ ಹುಡಾಕ್ ಯಾರನ್ನೂ ನಂಬುತ್ತಿರಲಿಲ್ಲ. ಮಾಲೀಕನನ್ನು ನಂಬದವರು ಪೆನ್ಸಿಲ್ವೇನಿಯಾದ ನಮ್ಮ ಕಲ್ಲಿದ್ದಲ ಊರಿನಲ್ಲಿ ಬೇಕಾದಷ್ಟು ಜನ ಇದ್ದರು, ಅದೇನು ದೊಡ್ಡ ವಿಷಯವಲ್ಲ. ಇವಳು ಯೂನಿಯನ್ನನ್ನೂ ನಂಬಳು, ಪಾದ್ರಿಯನ್ನೂ ನಂಬಳು, ಟೀವಿಯಲ್ಲಿ ಹವಾಮಾನ ಹೇಳುವವನನ್ನಂತೂ ಕೇಳಲೇಬೇಡಿ. ರೌಷ್ ಲಾಂಡ್ರಿಯ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ಬಟ್ಟೆ ತೂರಿಸುತ್ತ ಅವಳು, ಹಿಂದೆ ಎಳೆದುಕೊಳ್ಳುತ್ತ ನಾನು, ಹಾಗೇ ನಮ್ಮ ಅರ್ಧ ಆಯಸ್ಸು ಕಳೆಯಿತು. ನನ್ನನ್ನೂ ಅವಳು ನಂಬಿದ್ದು ಅರ್ಧವೇ.

ಲಾಂಡ್ರಿ ಅಂದರೆ ಬೀದಿ ಮೂಲೆಯ ಅಂಗಡಿಯಲ್ಲ. ಸುತ್ತಲಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ರಕ್ತ, ಕೀವು, ವಾಂತಿ ಸಮೇತ ಬರುವುದು ನಮ್ಮ ಕೈಗೇ. ಒಗೆದು ಬೆಳ್ಳಗೆ ಮಾಡಿ ಕಳಿಸುತ್ತಿದ್ದೆವು. ಆ ಹಾಸಿಗೆಯ ಮೇಲೆ ಮಲಗುವ ಯೋಗ್ಯತೆ ನಮಗಿರಲಿಲ್ಲ, ಯಾಕೆಂದರೆ ಮಾಲೀಕ ರೌಷ್ ನಮಗೆ ಆರೋಗ್ಯ ವಿಮೆ ಮಾಡಿಸಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ವರ್ನಾ ಕತ್ತಿಗೆ ಸ್ಕಾರ್ಫ್ ಸುತ್ತಿಕೊಂಡು ಬರತೊಡಗಿದಳು. ಇಸ್ತ್ರಿ ಯಂತ್ರದ ಪಕ್ಕ ನಿಂತರೆ ಮೈಮೇಲಿನ ಅಂಗಿಯೇ ಭಾರ ಅನ್ನಿಸುವಂಥ ಸೆಕೆ. ಎಲ್ಲರಿಗೂ ಅನುಮಾನ. ಬಟ್ಟೆ ಮಡಚುವ ಬಾನಿ ಎಂಬ ಹೆಂಗಸು ಕೇಳಿಯೇಬಿಟ್ಟಳು, "ಯಾರೇ ಅವ್ನು, ಕತ್ತು ಕಚ್ಚಿದೋನು?"

"ನಿನ್ ಗಂಡ," ಅಂದಳು ವರ್ನಾ. "ಹಲ್ ಸೆಟ್ಟು ಮನೇಲೇ ಬಿಟ್ಟು ಬಂದಿದ್ದ, ಬದುಕ್ದೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಂತ್ರಗಳ ಸದ್ದಿನ ಮೇಲೂ ಕೇಳುವಂಥ ಗಂಟಲು ಅವಳದು. ಅವತ್ತು ಅದು ಒಡೆದ ಕೊಳವೆಯ ಹಾಗೆ ಉಸುಗುಟ್ಟುತ್ತಿತ್ತು.

ಗುರುವಾರಗಳಂದು ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರು ಮಾರಾಟಕ್ಕೆ ಪಿರೋಗಿ ಎಂಬ ಪುಟ್ಟ ಕಡುಬು ಮಾಡುತ್ತಿದ್ದೆವು. ಹಿಟ್ಟು ಲಟ್ಟಿಸಿ, ಒಳಗೆ ಆಲೂಗಡ್ಡೆ ತುಂಬಿ, ಅಂಚು ಚಿವುಟುವ ಕೆಲಸ. ಉಳಿದವರು ಹೋದ ಮೇಲೆ ಅವಳು ಸ್ಕಾರ್ಫ್ ಸರಿಸಿ ತೋರಿಸಿದಳು. ಗಂಟಲ ಪಕ್ಕದಲ್ಲಿ ಒಂದು ಗಂಟು, ನಾವು ಚಿವುಟುತ್ತಿದ್ದ ಪಿರೋಗಿಯಷ್ಟು.

ಡಾಕ್ಟರಿಗೆ ತೋರಿಸಿದೆಯಾ ಅಂದೆ. ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

ಅದಕ್ಕೊಂದು ಕಾರಣವಿತ್ತು. ಅವಳ ಗಂಡ ಆಂಡಿ ಹಿಂದೊಮ್ಮೆ, ಕೆಲಸವಿಲ್ಲದ ದಿನಗಳಲ್ಲಿ, ಎದೆ ಹಿಡಿದಂತಾಗುತ್ತದೆ ಎಂದು ಒಬ್ಬ ಡಾಕ್ಟರ ಹತ್ತಿರ ಬಾಯಿಬಿಟ್ಟಿದ್ದ. ಆಮೇಲೆ ವಿಮೆ ಇರುವ ಒಳ್ಳೆಯ ಕೆಲಸ ಸಿಕ್ಕಿತು. ಎದೆ ಕೊಯ್ಯುವ ಹೊತ್ತು ಬಂದಾಗ ವಿಮೆಯವರು, ಈ ಕಾಯಿಲೆ ನಮ್ಮ ವಿಮೆ ಕಾರ್ಡಿಗಿಂತ ಹಳೆಯದು, ನಾವು ಕೊಡುವುದಿಲ್ಲ ಅಂದರು. ಆಂಡಿಯೂ ಹೋದ, ಹಿಂದೆಯೇ ಸಾಲಕ್ಕೆ ಮನೆಯೂ ಹೋಯಿತು. ಅವತ್ತಿನಿಂದ ವರ್ನಾಳ ಲೆಕ್ಕ ಒಂದೇ: ಕಾರ್ಡು ಕೈಗೆ ಬರುವ ತನಕ ಕಾಯಿಲೆ ಬಾಯಿಗೆ ಬರಬಾರದು. ಅವಳೊಬ್ಬಳೇ ಅಲ್ಲ, ನಮ್ಮ ಬೀದಿಯಲ್ಲಿ ಅರ್ಧ ಜನ ಹಾಗೇ ರೋಗ ಬಚ್ಚಿಟ್ಟುಕೊಂಡು ಬದುಕಿದವರು.

ಕಾನೂನು ಬದಲಾಗಿದೆ ಎಂದು ನಾನು ಹೇಳಿದೆ. ಪೂರ್ತಿ ಹೊತ್ತು ದುಡಿಯುವವರು ಐವತ್ತು ಜನ ಇದ್ದರೆ ಹೊಸ ವರ್ಷದಿಂದ ಮಾಲೀಕ ವಿಮೆ ಕೊಡಬೇಕು, ಇಲ್ಲವೇ ದಂಡ ಕಟ್ಟಬೇಕು. ರೌಷ್ ಹತ್ತಿರ ಅದಕ್ಕಿಂತ ಹೆಚ್ಚೇ ಇದ್ದೇವೆ. ಹಳೇ ಕಾಯಿಲೆ ಅಂತ ಯಾವ ವಿಮೆಯವನೂ ಇನ್ನು ತಳ್ಳುವ ಹಾಗಿಲ್ಲ. ಈಗಲೇ ತೋರಿಸು.

"ಯಾರ್ ಹೇಳಿದ್ದು?"

"ಕಾನೂನಲ್ಲೇ ಇದೆ ಕಣೇ."

"ಕಾನೂನು ಬಂದು ಫೋನ್ ಎತ್ತತ್ತಾ ಮಿಲ್ಲಿ? ಫೋನ್ ಎತ್ತೋಳು ಅದೇ ಕಂಪನಿಯೋಳು."

ಅವರವರೇ ವಿಮೆ ಕೊಳ್ಳಲೆಂದು ಸರ್ಕಾರ ತೆರೆದಿದ್ದ ಸಂತೆಗೆ ಆ ವರ್ಷ ಸೇರುವ ಗಡುವು ಆಗಲೇ ಮುಗಿದಿತ್ತು. ಜನವರಿಯ ತನಕ ಕಾಯುತ್ತೇನೆ ಅಂದಳು. ಗಂಟು ಕಾಯುತ್ತದೆಯೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅದನ್ನೂ ನಂಬುತ್ತಿರಲಿಲ್ಲ.

ಅಕ್ಟೋಬರಿನ ಒಂದು ಸೋಮವಾರ ಕೆಲಸಕ್ಕೆ ಹೋದರೆ ನೆಲದ ಮೇಲೆ ಹಳದಿ ಗೆರೆ. ಆ ಗೋಡೆಯಿಂದ ಈ ಗೋಡೆಗೆ, ಬಣ್ಣ ಇನ್ನೂ ಹಸಿ. ರೌಷ್ ನಮ್ಮನ್ನೆಲ್ಲ ಸೇರಿಸಿ, ಗೆರೆಯ ಆಚೆಯದು ಇನ್ನು ಮೇಲೆ ಬೇರೆ ಕಂಪನಿ, ಅದರ ಮಾಲೀಕ ನನ್ನ ಭಾವಮೈದ ಕರ್ಟ್, ನಿಮಗೇನೂ ತೊಂದರೆ ಇಲ್ಲ ಎಂದು ಹೇಳಿ ಎಲ್ಲರಿಗೂ ಡೋನಟ್ ಹಂಚಿದ. ಮಾಲೀಕ ಡೋನಟ್ ಹಂಚಿದ ದಿನ ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಮೂರು ಮುಚ್ಚಿದ ಕಾರ್ಖಾನೆಗಳಲ್ಲಿ ಕಲಿತಿದ್ದೆ. ವರ್ನಾ ತನ್ನ ಡೋನಟ್ಟನ್ನು ಮೂಸಿ ಕಸದ ಬುಟ್ಟಿಗೆ ಹಾಕಿದಳು.

ಐವತ್ತು ಎಂಬ ಗಡಿಗೆ ರೌಷ್ ಬಳಿದ ಬಣ್ಣ ಅದು. ಎರಡೂ ಕಡೆ ತಲೆ ಎಣಿಸಿದರೆ ಎರಡೂ ಕಡೆ ಐವತ್ತಕ್ಕಿಂತ ಕಡಿಮೆ, ವಿಮೆಯೂ ಬೇಡ, ದಂಡವೂ ಬೇಡ. ಮಾಲೀಕ ಒಬ್ಬನೇ ಆದರೆ ಎಷ್ಟು ತುಂಡು ಮಾಡಿದರೂ ಕಾನೂನು ಒಂದೇ ಅಂತ ಎಣಿಸುತ್ತದೆ, ಅದಕ್ಕೇ ಭಾವಮೈದ. ಗೆರೆ ಹೋದದ್ದು ನಮ್ಮ ಇಸ್ತ್ರಿ ಯಂತ್ರದ ಹೊಟ್ಟೆಯ ಕೆಳಗೇ. ಹಾಸಿಗೆ ಬಟ್ಟೆ ವರ್ನಾಳ ಕೈಯಿಂದ ಒಂದು ಕಂಪನಿಯಲ್ಲಿ ಒಳಗೆ ಹೋಗಿ, ನನ್ನ ಕೈಗೆ ಇನ್ನೊಂದು ಕಂಪನಿಯಲ್ಲಿ ಹೊರಗೆ ಬರುತ್ತಿತ್ತು.

ಹೊಸ ಮಾಲೀಕ ಕರ್ಟ್ ಟೈ ಕಟ್ಟಿಕೊಂಡು ತನ್ನ ಕಂಪನಿ ನೋಡಲು ಬಂದ. ಅತ್ತಿತ್ತ ತಿರುಗಿ, ಕೊನೆಗೆ ವರ್ನಾಳ ಹತ್ತಿರ ಬಂದು ಕಕ್ಕಸು ಎಲ್ಲಿದೆ ಎಂದು ಕೇಳಿದ.

ವರ್ನಾ ಯಂತ್ರ ನಿಲ್ಲಿಸಿದಳು. ಯಂತ್ರ ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆ.

"ಕೇಳಿದ್ರೇನ್ರೇ? ತನ್ ಕಂಪನೀಲಿ ಕಕ್ಕಸ್ ಎಲ್ಲಿದೆ ಅಂತ ಇವಪ್ಪಂಗೆ ಗೊತ್ತಿಲ್ಲ." ಆಮೇಲೆ ಅವನಿಗೆ: "ಅದು ಗೆರೆಯಿಂದ ಈಚೆ, ರೌಷ್ ಕಡೆ ಇದೆ ಸ್ವಾಮಿ. ನಿಮ್ ಭಾವನ್ನ ಕೇಳ್ಕೊಂಡು ಹೋಗಿ."

ನಾನು ನಲವತ್ತು ವರ್ಷ ಯೂನಿಯನ್ ಸಭೆಗಳಲ್ಲಿ ಮೈಕು ಹಿಡಿದು ಕೂಗಿದವಳು. ಆ ಒಡೆದ ದನಿ ಮಾಡಿದ ಕೆಲಸ ನನ್ನ ಯಾವ ಭಾಷಣವೂ ಮಾಡಿರಲಿಲ್ಲ. ಮರುದಿನ ಬೆಳಿಗ್ಗೆ ನಾವೆಲ್ಲರೂ ಆ ಗೆರೆಯ ಮೇಲೆಯೇ ಸಾಲಾಗಿ ನಿಂತೆವು, ಒಂದು ಕಾಲು ಆಚೆ, ಒಂದು ಕಾಲು ಈಚೆ. ನಾವು ಯಾವ ಕಂಪನಿಯವರು ಎಂದು ಮೊದಲು ತೀರ್ಮಾನವಾಗಲಿ, ಆಮೇಲೆ ಕೆಲಸ ಅಂದೆವು. ಹೊರಗೆ ಹೊಲಸು ಬಟ್ಟೆಯ ಲಾರಿಗಳು ನಿಂತು ನಾರತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಗಳಿಂದ ಫೋನಿನ ಮೇಲೆ ಫೋನು. ಸಂಜೆಯೊಳಗೆ ಕರ್ಟ್ ಮಾಯ. ಕಂಪನಿ ಒಂದೇ, ಜನವರಿಯಿಂದ ವಿಮೆ ಉಂಟು ಎಂದು ರೌಷ್ ಎಲ್ಲರೆದುರು ಒಪ್ಪಿದ.

ಜನವರಿಯಲ್ಲಿ ಕಾರ್ಡು ಬಂತು. ವರ್ನಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಡಾಕ್ಟರ ಹತ್ತಿರ ಹೋದಳೇ? ಇಲ್ಲ. ಮೊದಲು ಔಷಧಿ ಅಂಗಡಿಗೆ ಹೋಗಿ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡಳು. ಕಾರ್ಡು ನಿಜವೋ ಸುಳ್ಳೋ ಸಣ್ಣದರಲ್ಲಿ ಗೊತ್ತಾಗಲಿ ಅಂತ. ಅದಕ್ಕೆ ಹಣ ಕೇಳಲಿಲ್ಲ. ಕೇಳದಿದ್ದದ್ದಕ್ಕೇ ಅವಳಿಗೆ ಇನ್ನಷ್ಟು ಅನುಮಾನ. ಕಡೆಗೆ ನಾನೇ ಕಾರಿನಲ್ಲಿ ಕೂರಿಸಿಕೊಂಡು ಹೋದೆ.

ಡಾಕ್ಟರು ಚಿಕ್ಕ ಹುಡುಗಿ. ಒಳ್ಳೆಯವಳೇ. ಗಂಟು ಮುಟ್ಟಿ, ಎಷ್ಟು ದಿನದಿಂದ ಇದೆ ಎಂದು ಕೇಳಿದಳು.

"ಹೋದ್ ವಾರದಿಂದ," ಅಂದಳು ವರ್ನಾ.

"ದನಿ?"

"ಶೀತ."

ಹಾಗಾದರೆ ಸೋಂಕಿನ ಬಾವು ಇರಬಹುದು, ಮಾತ್ರೆ ಕೊಡುತ್ತೇನೆ, ಇಳಿಯದಿದ್ದರೆ ಬನ್ನಿ ಅಂದಳು ಆ ಹುಡುಗಿ. ವರ್ನಾ ಆಗಲೇ ಸ್ಕಾರ್ಫ್ ಸುತ್ತಿಕೊಳ್ಳುತ್ತಿದ್ದಳು. ಅವಳ ಕಣ್ಣಲ್ಲಿ ಗೆದ್ದ ಕಳೆ. ಬರೆದುಕೊಳ್ಳಲಿ, ಹೋದ ವಾರ ಎಂದೇ ಬರೆದುಕೊಳ್ಳಲಿ, ಕಾರ್ಡಿಗಿಂತ ಎಳೆಯ ಕಾಯಿಲೆ.

"ಸುಳ್ಳು," ಅಂದೆ ನಾನು. "ಬೇಸಿಗೆಯಿಂದ ಇದೆ. ದನಿ ಹೋಗಿದ್ದೂ ಆಗ್ಲೇ."

ರೌಷ್‌ನನ್ನು ಸಹ ಅವಳು ಹಾಗೆ ನೋಡಿದ್ದಿಲ್ಲ. ಕಾರಿನಲ್ಲಿ ಅವಳದು ಒಂದೇ ಮಾತು: "ವಿಮೆಯೋರು ಎಷ್ಟ್ ಕೊಟ್ರು ನಿಂಗೆ?"

ಡಾಕ್ಟರು ಮಾತ್ರೆ ಬಿಟ್ಟು ಅಂದೇ ಸ್ಕ್ಯಾನಿಗೆ ಬರೆದಿದ್ದಳು. ಥೈರಾಯ್ಡಿನ ಕ್ಯಾನ್ಸರ್. ಕೊಯ್ದು ತೆಗೆದರು. ಅವಳ ಪಾಲಿನದು ಬಿಟ್ಟು ಉಳಿದದ್ದನ್ನು ವಿಮೆಯವರು ಕಟ್ಟಿದರು. ಹಳೆಯದೋ ಹೊಸದೋ ಎಂದು ಯಾರೂ ಕೇಳಲಿಲ್ಲ. ಜೀವ ಉಳಿಯಿತು. ದನಿ ಮಾತ್ರ ಬರಲಿಲ್ಲ, ಗಂಟು ಅಷ್ಟು ಹೊತ್ತಿಗೆ ದನಿಯ ನರವನ್ನು ಹಿಡಿದುಬಿಟ್ಟಿತ್ತು. ಆಸ್ಪತ್ರೆಗೆ ಹೋದೆ; ಅವಳು ಗೋಡೆಗೆ ತಿರುಗಿ ಮಲಗಿದಳು. ಅವಳ ಕೆಳಗಿನ ಹಾಸಿಗೆ ಬಟ್ಟೆ ನಮ್ಮದೇ, ಮಡಿಕೆ ನೋಡಿದರೆ ನನಗೆ ಗೊತ್ತಾಗುತ್ತದೆ.

ವಸಂತದಲ್ಲಿ ಕೆಲಸಕ್ಕೆ ಮರಳಿದಳು. ಸ್ಕಾರ್ಫ್ ಇರಲಿಲ್ಲ, ಗಾಯದ ಗುರುತು ಎಲ್ಲರಿಗೂ ಕಾಣುವ ಹಾಗೆ ಬಂದಿದ್ದಳು. ಕೆಲಸ ಮುಗಿಯುವವರೆಗೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಹೊರಟ ಮೇಲೆ ಯಂತ್ರ ಸುತ್ತಿಕೊಂಡು ನನ್ನ ಬದಿಗೆ ಬಂದು, ಕೈಯಲ್ಲಿದ್ದ ಎರಡು ಕೆರೆಯುವ ಅಲಗುಗಳಲ್ಲಿ ಒಂದನ್ನು ನನ್ನ ಮುಂದೆ ಹಿಡಿದಳು. ನೆಲದ ಮೇಲಿನ ಹಳದಿ ಗೆರೆ ಹಾಗೇ ಇತ್ತು.

"ತಾನಾಗೇ ಸವೆದೋಗತ್ತೆ ಅಂತಾನೆ ರೌಷ್," ಅಂದೆ.

"ಇನ್ನೊಂದ್ಸಲ ಬೇಕಾಗತ್ತೆ ಅಂತ ಇಟ್ಕೊಂಡಿದಾನೆ," ಎಂದು ಪಿಸುಗುಟ್ಟಿದಳು. ಈಗ ಅವಳಿಗಿರುವುದು ಅಷ್ಟೇ ದನಿ.

ಅವಳು ಆ ಗೋಡೆಯಿಂದ, ನಾನು ಈ ಗೋಡೆಯಿಂದ ಮೊಣಕಾಲೂರಿ ಕೆರೆಯುತ್ತ ಬಂದೆವು. ನಡುವೆ ಸೇರಿದಾಗ ಅವಳು ಎದ್ದು, ನಾನು ಕೆರೆದ ಉದ್ದಕ್ಕೂ ನಡೆದು, ಬಗ್ಗಿ ಬಗ್ಗಿ ನೋಡಿದಳು. ಒಂದು ಕಡೆ ಉಗುರಿನಷ್ಟು ಹಳದಿ ಉಳಿದಿತ್ತು. ಅದನ್ನು ತಾನೇ ಕೆರೆದು ತೆಗೆದಳು.